ಹಳೆಯ ಕಬ್ಬಿಣದ ತೊಲೆಯ ಬಲವನ್ನು ಕತ್ತರಿಸದೆ ಅಂದಾಜಿಸುವುದು ಹೇಗೆ

ಶಿರಸಿಯ ಹಳೆ ಪೇಟೆಯ ಅಡಕೆ ವಖಾರಿಗಳಲ್ಲಿ, ಕುಮಟಾ ಮತ್ತು ಕಾರವಾರದ ಬಂದರಿನ ಆಸುಪಾಸಿನ ಹಳೆಯ ಗೋದಾಮುಗಳಲ್ಲಿ ಮಾಳಿಗೆಯ ನೆಲ ಅನೇಕ ಕಡೆ ಕಬ್ಬಿಣದ ತೊಲೆಗಳ ಮೇಲೆ ನಿಂತಿರುತ್ತದೆ. ಎರಡು ತೊಲೆಗಳ ನಡುವೆ ಇಟ್ಟಿಗೆಯ ಚಿಕ್ಕ ಕಮಾನು, ಅದರ ಮೇಲೆ ಸುಣ್ಣದ ಗಾರೆ, ಕೆಳಗೆ ಬಣ್ಣದ ಹತ್ತಾರು ಪದರಗಳನ್ನು ಹೊದ್ದುಕೊಂಡ ಗರ್ಡರಿನ ಅಡಿಮೈ. ಮಾಲೀಕರ ಪ್ರಶ್ನೆ ಸರಳವಾಗಿರುತ್ತದೆ: ಇದರ ಮೇಲೆ ಇನ್ನೆಷ್ಟು ಚೀಲ ಪೇರಿಸಬಹುದು? ಕಟ್ಟಡದ ನಕ್ಷೆ ಉಳಿದಿರುವುದಿಲ್ಲ, ಕಬ್ಬಿಣ ಎಲ್ಲಿಂದ ಬಂತೆಂದು ಹೇಳುವವರೂ ಇರುವುದಿಲ್ಲ. ತೊಲೆಯಿಂದ ಒಂದು ತುಂಡು ಕತ್ತರಿಸಿ ಪ್ರಯೋಗಾಲಯದಲ್ಲಿ ಎಳೆದು ನೋಡಿದರೆ ಖಚಿತ ಉತ್ತರ ಸಿಗುತ್ತದೆ, ನಿಜ. ಆದರೆ ಭಾರ ಹೊತ್ತು ನಿಂತಿರುವ ತೊಲೆಯನ್ನು ಕತ್ತರಿಸಲು ಯಾರಿಗೂ ಮನಸ್ಸು ಬರುವುದಿಲ್ಲ. 2024ರ ಆಗಸ್ಟ್ 7ರ ನಸುಕಿನಲ್ಲಿ ಕಾರವಾರದ ಕಾಳಿ ನದಿಯ ಹಳೆಯ ಸೇತುವೆ ಕುಸಿದ ಮೇಲೆ ಈ ಭಾಗದಲ್ಲಿ ಇಂಥ ಪ್ರಶ್ನೆಗಳು ಹೆಚ್ಚಾಗಿವೆ. ಅದು ಕಾಂಕ್ರೀಟಿನ ಸೇತುವೆ, ಅದರ ಪರೀಕ್ಷೆಯ ದಾರಿಯೇ ಬೇರೆ. ಇಲ್ಲಿ ಹೇಳಹೊರಟಿರುವುದು ಕಬ್ಬಿಣ ಮತ್ತು ಉಕ್ಕಿನ ಹಳೆಯ ಭಾಗಗಳ ಬಗ್ಗೆ ಮಾತ್ರ.

ಲೋಹಕ್ಕೆ ಹಾನಿ ಮಾಡದ ಪರೀಕ್ಷೆಗಳು, ಅಂದರೆ ನಾವು ದಿನನಿತ್ಯ ಎನ್‌ಡಿಟಿ ಎನ್ನುವ ಪರೀಕ್ಷೆಗಳು, ಬಲವನ್ನು ನೇರವಾಗಿ ಅಳೆಯುವುದಿಲ್ಲ. ಅವು ಗಡಸುತನವನ್ನೋ, ಶಬ್ದದ ವೇಗವನ್ನೋ, ರಾಸಾಯನಿಕ ಅಂಶಗಳನ್ನೋ ಅಳೆಯುತ್ತವೆ. ಅಲ್ಲಿಂದ ಬಲಕ್ಕೆ ನಾವೇ ಲೆಕ್ಕ ಹಾಕಿಕೊಂಡು ಹೋಗಬೇಕು. ಆ ಲೆಕ್ಕದ ಸೂತ್ರ ಒಂದೊಂದು ಲೋಹಕ್ಕೆ ಒಂದೊಂದು. ಆದ್ದರಿಂದ ಉಪಕರಣವನ್ನು ಪೆಟ್ಟಿಗೆಯಿಂದ ಹೊರತೆಗೆಯುವ ಮೊದಲು ಎದುರಿಗಿರುವುದು ಬೀಡೋ (ಅಚ್ಚಿಗೆ ಎರೆದ ಕಬ್ಬಿಣ), ಮೆದು ಕಬ್ಬಿಣವೋ (ಉರುಳಿಸಿ ತಯಾರಿಸಿದ, ನಾರುನಾರಾದ ಹಳೆಯ ಕಬ್ಬಿಣ), ಉಕ್ಕೋ ಎಂಬುದು ತೀರ್ಮಾನವಾಗಬೇಕು. ಈ ಹೆಜ್ಜೆಯನ್ನು ಹಾರಿದವರ ವರದಿಯಲ್ಲಿ ಉಳಿದದ್ದೆಲ್ಲ ಸರಿಯಿದ್ದರೂ ಉತ್ತರ ತಪ್ಪಾಗಿರುತ್ತದೆ. ಹಾಗೆ ತಪ್ಪಿದವರಲ್ಲಿ ನಾನೂ ಒಬ್ಬ. ಅದನ್ನು ಮುಂದೆ ಹೇಳುತ್ತೇನೆ.

ಲೋಹ ಯಾವುದೆಂದು ತಿಳಿಯುವುದು

ಮೊದಲ ಸುಳಿವು ಕಾಲ. ಉಕ್ಕನ್ನು ಅಗ್ಗವಾಗಿ ತಯಾರಿಸುವ ಬೆಸೆಮರ್ ವಿಧಾನ 1856ರಲ್ಲಿ ಬಂದರೂ ಕಟ್ಟಡ ಮತ್ತು ಸೇತುವೆಗಳಲ್ಲಿ ಉಕ್ಕು ಬೇರೂರಿದ್ದು 1880ರ ದಶಕದ ನಂತರ. ಅದಕ್ಕೂ ಮೊದಲಿನ ತೊಲೆಗಳು ಬಹುತೇಕ ಮೆದು ಕಬ್ಬಿಣದವು, ಕಂಬಗಳು ಬೀಡಿನವು. ನಮ್ಮ ಜಿಲ್ಲೆಯ ಜೋಯಿಡಾ ತಾಲ್ಲೂಕಿನ ಕ್ಯಾಸಲ್‌ರಾಕ್ ಮೂಲಕ ಗೋವಾದ ಮುರಗಾಂವಿಗೆ ಇಳಿಯುವ ರೈಲು ಮಾರ್ಗ ಹಾಕಿದ್ದು ಸರಿಯಾಗಿ ಆ ದಶಕದಲ್ಲೇ. ಆದ್ದರಿಂದ ಆ ಕಾಲದ ಸಾಮಾನು ಸಿಕ್ಕಿದಾಗ ವರ್ಷ ನೋಡಿಯೇ ಕಬ್ಬಿಣವೆಂದೋ ಉಕ್ಕೆಂದೋ ಬರೆದುಬಿಡಬಾರದು. ಬೀಡಿನ ಕಂಬಗಳಂತೂ 20ನೆಯ ಶತಮಾನದ ಆರಂಭದವರೆಗೂ ಬಳಕೆಯಲ್ಲಿದ್ದವು.

ಎರಡನೆಯ ಸುಳಿವು ಅಳತೆ. ವರ್ನಿಯರ್ ಹಿಡಿದು ತೊಲೆಯ ಎತ್ತರ ಮತ್ತು ಅಗಲವನ್ನು ತೆಗೆದುಕೊಳ್ಳಿ. 203 ಮತ್ತು 102 ಮಿ.ಮೀ. ಬಂದರೆ ಅದು 8 ಇಂಚು ಎತ್ತರ, 4 ಇಂಚು ಅಗಲದ ಬ್ರಿಟಿಷ್ ಅಳತೆಯ ತೊಲೆ; ಸರಿಯಾಗಿ 200 ಮತ್ತು 100 ಬಂದರೆ ಅದು ಭಾರತೀಯ ಮಾನಕದ ತೊಲೆಯಾದ ಐಎಸ್‌ಎಂಬಿ 200, ಅಂದರೆ ಐಎಸ್ 808 ಮಾನಕ 1957ರಲ್ಲಿ ಪ್ರಕಟವಾದ ಮೇಲಿನದು. ತುಕ್ಕು ಮತ್ತು ಬಣ್ಣ ಎರಡೂ ಅಳತೆಯನ್ನು ಕೆಡಿಸುವುದರಿಂದ ಮೂರು ಮಿ.ಮೀ. ವ್ಯತ್ಯಾಸವನ್ನು ನಂಬಬೇಕಾದರೆ ತೊಲೆ ಗೋಡೆಯೊಳಗೆ ಸೇರುವ ಜಾಗದ ಹತ್ತಿರ, ಮಳೆ ತಾಗದ ಮೂಲೆಯಲ್ಲಿ ಅಳೆಯಬೇಕು. ಬ್ರಿಟನ್ನಿನಲ್ಲಿ ತೊಲೆಗಳ ಅಳತೆ ಏಕರೂಪಕ್ಕೆ ಬಂದದ್ದು 1903ರಲ್ಲಿ. ಯಾವ ಪಟ್ಟಿಗೂ ಹೊಂದದ ವಿಚಿತ್ರ ಅಳತೆ ಬಂದರೆ ಅದಕ್ಕಿಂತ ಹಳೆಯದಿರಬಹುದೆಂದು ಗುಮಾನಿ ಪಡಬೇಕು. ತೊಲೆಯ ವೆಬ್ಬಿನ ಮೇಲೆ, ಅಂದರೆ ನಡುವಿನ ನಿಂತ ಹಲಗೆಯ ಮೇಲೆ, ಉಬ್ಬಕ್ಷರದಲ್ಲಿ ಕಾರ್ಖಾನೆಯ ಹೆಸರಿರುವುದುಂಟು. ಬಣ್ಣವನ್ನು ನಿಧಾನಕ್ಕೆ ಕೆರೆದು, ಬ್ಯಾಟರಿಯ ಬೆಳಕನ್ನು ಓರೆಯಾಗಿ ಬಿಟ್ಟು ನೋಡಿದರೆ ಅಕ್ಷರಗಳ ನೆರಳು ಎದ್ದು ಕಾಣುತ್ತದೆ. ಟಾಟಾ ಎಂದಿದ್ದರೆ 1912ರ ನಂತರದ್ದು ಎಂಬುದು ಖಚಿತ, ಏಕೆಂದರೆ ಜಮ್ಶೆಡ್‌ಪುರದಲ್ಲಿ ಉಕ್ಕಿನ ತಯಾರಿಕೆ ಶುರುವಾದದ್ದೇ ಆ ವರ್ಷ.

ಆಕಾರವೂ ಮಾತಾಡುತ್ತದೆ. ಬೀಡನ್ನು ಅಚ್ಚಿಗೆ ಎರೆಯುವುದರಿಂದ ಕಂಬದ ಉದ್ದಕ್ಕೆ ಅಚ್ಚಿನ ಜೋಡಣೆಯ ತೆಳು ಗೆರೆ, ಮೂಲೆಗಳಲ್ಲಿ ದಪ್ಪ ದುಂಡುತನ, ಮೈಮೇಲೆ ಮರಳಿನ ತರಿತರಿ ಇರುತ್ತವೆ. ಬೀಡಿನ ತೊಲೆಯಾದರೆ ಕೆಳಗಿನ ಫ್ಲೇಂಜ್, ಅಂದರೆ ಅಡ್ಡ ಹಲಗೆ, ಮೇಲಿನದಕ್ಕಿಂತ ಸಾಕಷ್ಟು ದೊಡ್ಡದಾಗಿರುವುದು ಸಾಮಾನ್ಯ, ಏಕೆಂದರೆ ಎಳೆತದಲ್ಲಿ ಬೀಡು ದುರ್ಬಲವೆಂದು ಆಗಿನವರಿಗೂ ಗೊತ್ತಿತ್ತು. ಮೆದು ಕಬ್ಬಿಣವನ್ನು ಅದು ತುಕ್ಕು ಹಿಡಿದ ಕಡೆ ಗುರುತಿಸುವುದು ಸುಲಭ. ಅದರೊಳಗೆ ಕಿಟ್ಟದ ಎಳೆಗಳು ಉರುಳಿಸಿದ ದಿಕ್ಕಿನಲ್ಲಿ ಉದ್ದಕ್ಕೆ ಹಾಸಿಕೊಂಡಿರುತ್ತವೆ. ತುಕ್ಕು ಆ ಎಳೆಗಳ ನಡುವೆ ಇಳಿದು ಲೋಹವನ್ನು ಪದರ ಪದರವಾಗಿ ಬಿಡಿಸುತ್ತದೆ. ಒಣಗಿ ಸೀಳಿದ ಅಡಕೆ ಹಾಳೆಯ ನಾರನ್ನು ನೋಡಿದವರಿಗೆ ಆ ಮೈ ಹೇಗಿರುತ್ತದೆಂದು ಬೇರೆ ಹೇಳಬೇಕಾಗಿಲ್ಲ.

ಇಷ್ಟಾದ ಮೇಲೆ ಕಿಡಿ ಪರೀಕ್ಷೆ. ಚಿಕ್ಕ ಗ್ರೈಂಡರನ್ನು ಫ್ಲೇಂಜಿನ ಅಂಚಿಗೆ ಹಗುರಾಗಿ ಒತ್ತಿ, ಹಿಂದೆ ಕತ್ತಲಿರುವಂತೆ ನಿಂತು ಕಿಡಿಯ ಹಾರಾಟವನ್ನು ನೋಡಬೇಕು. ಬೀಡಿನ ಕಿಡಿ ಮಂದ ಕೆಂಪು, ಗಿಡ್ಡ, ಚಕ್ರದ ಹತ್ತಿರವೇ ಸಾಯುತ್ತದೆ. ಮೆದು ಕಬ್ಬಿಣದ್ದು ಒಣಹುಲ್ಲಿನ ಬಣ್ಣದ ಉದ್ದ ಗೆರೆ, ಕವಲು ಬಹಳ ಕಡಿಮೆ. ಮೆದು ಉಕ್ಕಿನ ಗೆರೆಯೂ ಉದ್ದವೇ, ಆದರೆ ಬಿಳಿಗೆ ಹತ್ತಿರ, ತುದಿಯಲ್ಲಿ ಅಲ್ಲೊಂದು ಇಲ್ಲೊಂದು ಕವಲೊಡೆಯುತ್ತದೆ. ಇಂಗಾಲ ಹೆಚ್ಚಿದಷ್ಟೂ ಕವಲು ಹೆಚ್ಚಿ ಹೂಬಾಣದಂತಾಗುತ್ತದೆ. ಗೊತ್ತಿರುವ ಬೀಡಿನ ತುಂಡು ಮತ್ತು ಈಗಿನ ಉಕ್ಕಿನ ತುಂಡುಗಳನ್ನು ಚೀಲದಲ್ಲಿ ಇಟ್ಟುಕೊಂಡು ಅಲ್ಲೇ ಪಕ್ಕದಲ್ಲಿ ಉಜ್ಜಿ ಹೋಲಿಸದೆ ಈ ಪರೀಕ್ಷೆಯ ಮೇಲೆ ಭರವಸೆ ಇಡಬೇಡಿ. ಕಣ್ಣಿನ ನೆನಪು ಬಹಳ ಮೋಸ ಮಾಡುತ್ತದೆ. ಅಡಕೆ ಚೀಲ, ಗೋಣಿ, ಹಳೆಯ ಮರ ತುಂಬಿರುವ ವಖಾರಿಯಲ್ಲಿ ಕಿಡಿ ಹಾರಿಸುವ ಮೊದಲು ನೀರಿನ ಬಕೆಟ್ ಮತ್ತು ಕಾಯುವ ಒಬ್ಬ ಆಳು ಇರಲೇಬೇಕು.

ಕಿಡಿಗೂ ಅವಕಾಶವಿಲ್ಲದಿದ್ದರೆ 5 ಅಥವಾ 6 ಮಿ.ಮೀ. ಡ್ರಿಲ್ಲಿನಿಂದ ಆಳವಿಲ್ಲದ ಒಂದು ಕುಳಿ ತೋಡಿ. ಬೀಡಿನಿಂದ ಬರುವುದು ಪುಡಿ. ಬೆರಳಿಗೆ ಉಜ್ಜಿದರೆ ಪೆನ್ಸಿಲಿನ ಸೀಸದಂತೆ ಕಪ್ಪು ಹತ್ತುತ್ತದೆ, ಅದು ಗ್ರಾಫೈಟ್. ಉಕ್ಕಿನಿಂದ ಬರುವುದು ಸುರುಳಿ. ಆ ಚೂರುಗಳನ್ನು ಎಸೆಯದೆ ಸ್ವಚ್ಛವಾದ ಡಬ್ಬಿಯಲ್ಲಿ ಹಾಕಿಟ್ಟರೆ ರಾಸಾಯನಿಕ ವಿಶ್ಲೇಷಣೆಗೆ ಅದೇ ಸಾಕಾಗುತ್ತದೆ.

ನನ್ನ ತಪ್ಪಿನ ಮಾತು ಇಲ್ಲಿಗೆ ಸೇರುತ್ತದೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಅಂಕೋಲೆಯ ಕಡೆಯ ಒಂದು ಹಳೆಯ ಕಟ್ಟಡದಲ್ಲಿ ಆರು ಕಂಬಗಳ ಗಡಸುತನ ಅಳೆದು, ಉಕ್ಕಿನ ಕೋಷ್ಟಕ ನೋಡಿ, 600 ಮೆಗಾಪಾಸ್ಕಲ್‌ಗೂ ಮೀರಿದ (ಒಂದು ಮೆಗಾಪಾಸ್ಕಲ್ ಎಂದರೆ ಚದರ ಮಿಲಿಮೀಟರಿಗೆ ಒಂದು ನ್ಯೂಟನ್) ಎಳೆತದ ಸಾಮರ್ಥ್ಯ ಬರೆದು, ಇಷ್ಟು ಒಳ್ಳೆಯ ಉಕ್ಕು ಆ ಕಾಲದಲ್ಲಿ ಎಲ್ಲಿಂದ ಬಂತೆಂದು ಬೆರಗಾಗಿದ್ದೆ. ಮರುದಿನ ಬ್ರ್ಯಾಕೆಟ್ ಕೂಡಿಸಲು ತೂತು ಕೊರೆಯುತ್ತಿದ್ದ ಹಿರಿಯ ಫಿಟ್ಟರೊಬ್ಬರು ಅಂಗೈಯಲ್ಲಿ ಕಪ್ಪು ಪುಡಿ ಹಿಡಿದು ತಂದರು. “ಸಾರ್, ಇದು ಬೀಡು ಅಲ್ವಾ? ಉಕ್ಕಿಂದು ಹಿಂಗೆ ಉದುರೂದಿಲ್ಲ” ಎಂದರು. ಅಷ್ಟೇ ಮಾತು. ವರದಿ ಇನ್ನೂ ನನ್ನ ಚೀಲದಲ್ಲೇ ಇದ್ದುದರಿಂದ ಮಾನ ಉಳಿಯಿತು.

ಇನ್ನೂ ಸಂದೇಹ ಉಳಿದರೆ, ಅಥವಾ ಸಾರ್ವಜನಿಕರು ಓಡಾಡುವ ಕಟ್ಟಡವಾದರೆ, ಲೋಹದ ಮೈಯ ಅಚ್ಚು ತೆಗೆಯುವುದು ಒಳ್ಳೆಯದು. ಬೆರಳಗಲದ ಜಾಗವನ್ನು ಕನ್ನಡಿಯಂತೆ ಹೊಳೆಯುವವರೆಗೆ ಹಂತಹಂತವಾಗಿ ಉಜ್ಜಿ, ಸ್ಪಿರಿಟ್ಟಿನಲ್ಲಿ ಶೇ 2ರಷ್ಟು ನೈಟ್ರಿಕ್ ಆಮ್ಲ ಬೆರೆಸಿದ ದ್ರಾವಣವನ್ನು ಕೆಲವು ಸೆಕೆಂಡು ಸವರಿ ತೊಳೆದು, ಅಸಿಟೋನಿನಿಂದ ಮೆದುವಾದ ಅಸಿಟೇಟ್ ಹಾಳೆಯನ್ನು ಒತ್ತಿ ಒಣಗಿಸಿ ಬಿಡಿಸಿಕೊಂಡರೆ ಸೂಕ್ಷ್ಮದರ್ಶಕದಡಿ ಲೋಹದ ಕಣರಚನೆ ಓದಬಹುದು. ಬೀಡಿನಲ್ಲಿ ಗ್ರಾಫೈಟಿನ ಕಪ್ಪು ಚಕ್ಕೆಗಳು, ಮೆದು ಕಬ್ಬಿಣದಲ್ಲಿ ಬಿಳಿ ಕಣಗಳ ನಡುವೆ ಕಿಟ್ಟದ ಉದ್ದ ಎಳೆಗಳು ಕಾಣುತ್ತವೆ. ಉಕ್ಕಿನಲ್ಲಿ ಬಿಳಿ ಫೆರೈಟ್ (ಬಹುತೇಕ ಶುದ್ಧ ಕಬ್ಬಿಣ) ಮತ್ತು ಕಪ್ಪು ಪರ್ಲೈಟ್ (ಇಂಗಾಲ ಸೇರಿದ ಭಾಗ) ಕಣಗಳು ಬೆರೆತಿರುತ್ತವೆ. ಕಪ್ಪು ಕಣಗಳು ಕಾಲು ಭಾಗದಷ್ಟಿದ್ದರೆ ಇಂಗಾಲ ಸುಮಾರು ಶೇ 0.2 ಎಂದು ಅಲ್ಲಿಯೇ ಹೇಳಬಹುದು.

ಜಾಗ ಆರಿಸಿ ಮೈ ತಯಾರಿಸುವುದು

ಪರೀಕ್ಷೆಗೆ ನವೆಂಬರಿನಿಂದ ಫೆಬ್ರವರಿಯವರೆಗಿನ ದಿನಗಳೇ ಒಳ್ಳೆಯವು. ವರ್ಷಕ್ಕೆ ಸುಮಾರು 3000 ಮಿ.ಮೀ. ಮಳೆ ಸುರಿಯುವ ಈ ಕರಾವಳಿಯಲ್ಲಿ ಜೂನ್ ಬಂದ ಮೇಲೆ ಬೆಳಿಗ್ಗೆ ಹೊಳಪಿಸಿದ ಲೋಹ ಮಧ್ಯಾಹ್ನದ ಹೊತ್ತಿಗೆ ಕಂದು ತಿರುಗಿರುತ್ತದೆ. ಸಮುದ್ರದ ಗಾಳಿ ತಾಗುವ ಕಟ್ಟಡವಾದರೆ ಬಣ್ಣ ತೆಗೆದ ಕೂಡಲೇ ಸಿಹಿನೀರಿನಲ್ಲಿ ಒರೆಸಿ ಉಪ್ಪನ್ನು ಕಳೆದು, ಒಣಬಟ್ಟೆಯಿಂದ ಒತ್ತಿ ಒಣಗಿಸಿಯೇ ಮುಂದುವರಿಯಬೇಕು.

ಹಳೆಯ ಬಣ್ಣದ ಅಡಿಪದರ ಕಿತ್ತಳೆಗೆಂಪಾಗಿದ್ದರೆ ಅದು ಸೀಸದ ಸಿಂಧೂರವೆಂದೇ ತಿಳಿದು ನಡೆಯಿರಿ. ಗ್ರೈಂಡರಿನಲ್ಲಿ ಅದನ್ನು ಹಾರಿಸಿದರೆ ಸೀಸದ ಧೂಳು ಉಸಿರಿಗೆ ಹೋಗುತ್ತದೆ. ಬಣ್ಣ ತೆಗೆಯುವ ಲೇಪ ಹಚ್ಚಿ, ಒದ್ದೆಯಿರುವಾಗಲೇ ಕೆರೆದು, ಕಸವನ್ನು ಹಾಳೆಯಲ್ಲಿ ಹಿಡಿದು ಕಟ್ಟಿಡಬೇಕು. ಬಟ್ಟೆಯ ಮಾಸ್ಕ್ ಇದಕ್ಕೆ ಸಾಲದು. ಈ ವಿಷಯದಲ್ಲಿ ನಮ್ಮ ಕಡೆಯ ಅಸಡ್ಡೆ ನನಗೆ ಎಂದೂ ಅರ್ಥವಾಗಿಲ್ಲ.

ಒಂದೇ ತೊಲೆಯಲ್ಲಿ ಹತ್ತು ಕಡೆ ಅಳೆಯುವುದಕ್ಕಿಂತ ಹತ್ತು ತೊಲೆಗಳಲ್ಲಿ ಒಂದೊಂದು ಕಡೆ ಅಳೆಯುವುದು ಮೇಲು, ಏಕೆಂದರೆ ಹಳೆಯ ಕಟ್ಟಡದಲ್ಲಿ ತೊಲೆಗಳು ಬೇರೆ ಬೇರೆ ಖರೀದಿಯವಾಗಿರುವ ಸಾಧ್ಯತೆ ಯಾವಾಗಲೂ ಇರುತ್ತದೆ. ಜಾಗ ಆರಿಸುವಾಗ ರಿವೆಟ್ಟಿನ ಸುತ್ತಮುತ್ತ, ಬಗ್ಗಿಸಿದ ಭಾಗ, ಬೆಂಕಿ ತಾಗಿದ ಭಾಗ, ಬೆಸುಗೆಯ ಹತ್ತಿರ ಹೋಗಬಾರದು. ಫ್ಲೇಂಜ್ ವೆಬ್ಬಿಗೆ ಸೇರುವ ಗೆರೆಯ ನೇರ ಕೆಳಗಿನ ಜಾಗ ಉತ್ತಮ. ಹಿಂದೆ ಲೋಹದ ಬೆಂಬಲವಿರುವುದರಿಂದ ಉಪಕರಣದ ಪೆಟ್ಟು ಬಿದ್ದಾಗ ಅದು ಅದುರುವುದಿಲ್ಲ. ಡ್ರಿಲ್ ಹಾಕುವುದಾದರೆ ತೊಲೆಯ ನಡುಭಾಗದಲ್ಲಿ ವೆಬ್ಬಿನ ಅರ್ಧ ಎತ್ತರದ ಜಾಗ ಆರಿಸಿ. ಸಮನಾಗಿ ಹರಡಿದ ಭಾರಕ್ಕೆ ಅಲ್ಲಿ ಬಾಗುವಿಕೆಯ ಒತ್ತಡವೂ ಕತ್ತರಿ ಒತ್ತಡವೂ ಕಡಿಮೆಯಿರುತ್ತವೆ.

ಜಾಗವನ್ನು ಫ್ಲ್ಯಾಪ್ ಡಿಸ್ಕಿನಿಂದ ಅರ್ಧ ಮಿ.ಮೀ.ನಷ್ಟು ಸವೆಸಬೇಕು. ಕುಲುಮೆಯ ಬಿಸಿಗೆ ಉಕ್ಕಿನ ಹೊರಪದರದಲ್ಲಿ ಇಂಗಾಲ ಸುಟ್ಟುಹೋಗಿ ಅದು ಒಳಗಿಗಿಂತ ಮೆತ್ತಗಿರುತ್ತದೆ. ಆ ಪದರದ ಮೇಲೆಯೇ ಅಳೆದರೆ ಗಡಸುತನದ ಅಂಕ ಕಡಿಮೆ ಬರುತ್ತದೆ. ಹಾಗೆಂದು ಗ್ರೈಂಡರನ್ನು ಜೋರಾಗಿ ಒತ್ತಿದರೆ ಲೋಹ ಕಾದು ನೀಲಿ ಬಣ್ಣ ಬರುತ್ತದೆ, ಆಗ ಅಂಕ ಯಾವ ಕಡೆಗೆ ಜಾರುತ್ತದೆಂದು ಹೇಳಲಾಗದು. ಕೈಯಿಟ್ಟರೆ ತಡೆದುಕೊಳ್ಳುವಷ್ಟೇ ಬಿಸಿ ಇರಲಿ. ಕೊನೆಗೆ 180ರಿಂದ 320ನೆಯ ನಂಬರಿನ ಎಮರಿ ಕಾಗದದಿಂದ ಕೈಯಲ್ಲೇ ಉಜ್ಜಿ, ಗೀರುಗಳು ಉಗುರಿಗೆ ತಾಗದಂತೆ ಮಾಡಬೇಕು.

ಗಡಸುತನ ಅಳೆಯುವುದು

ಸ್ವೀಡನ್ನಿನ ಬ್ರಿನೆಲ್ 1900ರಲ್ಲಿ ತೋರಿಸಿಕೊಟ್ಟ ದಾರಿ ಇಂದಿಗೂ ಬದಲಾಗಿಲ್ಲ: ಗಟ್ಟಿ ಗುಂಡನ್ನು ಗೊತ್ತಾದ ಬಲದಿಂದ ಒತ್ತಿ, ಬಿದ್ದ ಗುಳಿ ಎಷ್ಟು ಅಗಲವೆಂದು ನೋಡುವುದು. ಸ್ಥಳದಲ್ಲೇ ಇದನ್ನು ಮಾಡಲು ಪೋಲ್ಡಿ ಸುತ್ತಿಗೆಯೆಂಬ ಹಳೆಯ, ಅಗ್ಗದ, ವಿದ್ಯುತ್ತೇ ಬೇಡದ ಸಾಧನವಿದೆ. ಈಗಿನವರು ಇದನ್ನು ಹಳೆಕಾಲದ್ದೆಂದು ತಳ್ಳಿಹಾಕುತ್ತಾರೆ. ಹಳೆಯ ತೊಲೆಗಳ ಮಟ್ಟಿಗೆ ನಾನು ಮೊದಲು ಕೈಗೆತ್ತಿಕೊಳ್ಳುವುದು ಇದನ್ನೇ, ಏಕೆಂದರೆ ದೊಡ್ಡ ಗುಳಿ ಕಿಟ್ಟದ ಎಳೆ, ಗ್ರಾಫೈಟಿನ ಚಕ್ಕೆ ಮುಂತಾದ ಏರುಪೇರುಗಳನ್ನೆಲ್ಲ ಒಟ್ಟಿಗೆ ಸರಾಸರಿ ಮಾಡಿ ಕೊಡುತ್ತದೆ.

ಅದರ ರಚನೆ ಹೀಗಿದೆ: 10 ಮಿ.ಮೀ. ಗುಂಡು, ಅದರ ಹಿಂದೆ ಗಡಸುತನ ಗೊತ್ತಿರುವ ಉಕ್ಕಿನ ಒಂದು ಚೌಕ ಸರಳು, ಅದರ ಹಿಂದೆ ಸುತ್ತಿಗೆಯ ಪೆಟ್ಟು ತೆಗೆದುಕೊಳ್ಳುವ ದಂಡ. ಒಂದೇ ಪೆಟ್ಟಿಗೆ ಗುಂಡು ತೊಲೆಯ ಮೇಲೆ ಒಂದು ಗುಳಿಯನ್ನೂ ಸರಳಿನ ಮೇಲೆ ಇನ್ನೊಂದು ಗುಳಿಯನ್ನೂ ಮಾಡುತ್ತದೆ. ಪೆಟ್ಟು ಎಷ್ಟು ಜೋರಾಗಿತ್ತೆಂಬುದು ಮುಖ್ಯವಲ್ಲ. ಎರಡು ಗುಳಿಗಳ ಹೋಲಿಕೆಯೇ ಉತ್ತರ. ದಂಡವನ್ನು ಮೈಗೆ ನೆಟ್ಟಗೆ ಹಿಡಿದು, ಸುತ್ತಿಗೆಯಿಂದ ಒಂದೇ ಒಂದು ಸಲ ಹೊಡೆಯಬೇಕು. ಮರುಪುಟಿದು ಎರಡನೆಯ ಪೆಟ್ಟು ಬಿದ್ದರೆ ಆ ಗುಳಿಯನ್ನು ಕೈಬಿಡಬೇಕು. ಅಳತೆಯ ಗೆರೆಯಿರುವ ಭೂತಗಾಜಿನಿಂದ ಪ್ರತಿ ಗುಳಿಯ ವ್ಯಾಸವನ್ನು ಒಂದಕ್ಕೊಂದು ಅಡ್ಡವಾದ ಎರಡು ದಿಕ್ಕಿನಲ್ಲಿ ಓದಿ ಸರಾಸರಿ ತೆಗೆಯಬೇಕು.

ಒಂದು ಉದಾಹರಣೆ. ಸರಳಿನ ಗಡಸುತನ ಬ್ರಿನೆಲ್ 200, ಅದರ ಮೇಲಿನ ಗುಳಿ 2.6 ಮಿ.ಮೀ., ತೊಲೆಯ ಮೇಲಿನ ಗುಳಿ 3.3 ಮಿ.ಮೀ. ಎಂದುಕೊಳ್ಳಿ. ಗುಂಡಿನ ವ್ಯಾಸದ ವರ್ಗವಾದ 100ರಿಂದ ಗುಳಿಯ ವ್ಯಾಸದ ವರ್ಗವನ್ನು ಕಳೆದು, ವರ್ಗಮೂಲ ತೆಗೆದು, ಅದನ್ನು 10ರಿಂದ ಕಳೆಯಬೇಕು. ಸರಳಿಗೆ 0.344, ತೊಲೆಗೆ 0.560 ಬರುತ್ತದೆ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ 200ರಿಂದ ಗುಣಿಸಿದರೆ 123. ಅದೇ ತೊಲೆಯ ಬ್ರಿನೆಲ್ ಅಂಕ. ಗುಳಿಯನ್ನು 3.3ರ ಬದಲು 3.4 ಎಂದು ಓದಿದ್ದರೆ ಅಂಕ 115ಕ್ಕೆ ಇಳಿಯುತ್ತಿತ್ತು. ಒಂದು ಮಿಲಿಮೀಟರಿನ ಹತ್ತನೆಯ ಒಂದು ಭಾಗದ ಕಣ್ಣುತಪ್ಪಿಗೆ ಶೇ 6ರ ವ್ಯತ್ಯಾಸ. ಆದ್ದರಿಂದ ಓದುವ ಕೆಲಸವನ್ನು ಇಬ್ಬರು ಬೇರೆ ಬೇರೆಯಾಗಿ ಮಾಡಿ ಹೋಲಿಸುವುದು ಒಳ್ಳೆಯದು. ಗುಳಿಗಳ ನಡುವೆ ಗುಳಿಯ ಮೂರು ವ್ಯಾಸದಷ್ಟು, ಅಂಚಿನಿಂದ ಎರಡೂವರೆ ವ್ಯಾಸದಷ್ಟು ದೂರವಿರಬೇಕು.

ಈಗ ಎಲ್ಲರ ಕೈಯಲ್ಲಿರುವುದು ಲೀಬ್ ಮಾದರಿಯ ಡಿಜಿಟಲ್ ಉಪಕರಣ. 3 ಮಿ.ಮೀ. ಗುಂಡಿರುವ ಚಿಕ್ಕ ಮೊಳೆಯೊಂದು ಸ್ಪ್ರಿಂಗಿನಿಂದ ಚಿಮ್ಮಿ ಲೋಹಕ್ಕೆ ಬಡಿದು ಪುಟಿಯುತ್ತದೆ. ಪುಟಿದ ವೇಗವನ್ನು ಬಡಿದ ವೇಗದಿಂದ ಭಾಗಿಸಿ 1000ದಿಂದ ಗುಣಿಸಿದರೆ ಲೀಬ್ ಅಂಕ. ಕೆಲಸ ಬೇಗ ಮುಗಿಯುತ್ತದೆ, ತೊಂದರೆಯೂ ಅದರಲ್ಲೇ ಇದೆ. ಸಾಮಾನ್ಯವಾಗಿ ಬಳಸುವ ಡಿ ಮಾದರಿಗೆ ಹಿಂದೆ ಆಧಾರವಿಲ್ಲದಿದ್ದರೆ 25 ಮಿ.ಮೀ. ದಪ್ಪದ, 5 ಕಿಲೋ ಮೀರಿದ ಲೋಹ ಬೇಕು. ಹಳೆಯ ತೊಲೆಯ 7 ಮಿ.ಮೀ. ವೆಬ್ಬಿಗೆ ಬಡಿದರೆ ವೆಬ್ಬು ತಾನೇ ಅದುರಿ ಶಕ್ತಿಯನ್ನು ನುಂಗಿ ಅಂಕವನ್ನು ತಗ್ಗಿಸುತ್ತದೆ. ಕೆಳಗಿನಿಂದ ಮೇಲಕ್ಕೆ ಹಿಡಿದು ಬಡಿಯುವಾಗ ದಿಕ್ಕಿನ ತಿದ್ದುಪಡಿ ಉಪಕರಣದಲ್ಲಿ ಸರಿಯಾಗಿ ಹೊಂದಿದೆಯೇ ಎಂದು ನೋಡಬೇಕು, ಮತ್ತು ಲೋಹದ ಗುಂಪು ಉಕ್ಕೋ ಬೀಡೋ ಎಂಬುದನ್ನು ಕೈಯಿಂದಲೇ ಆರಿಸಬೇಕು. ಉಪಕರಣಕ್ಕೆ ತಾನು ಯಾವುದರ ಮೇಲೆ ಬಡಿಯುತ್ತಿದ್ದೇನೆಂದು ಗೊತ್ತಾಗುವುದಿಲ್ಲ. ಪ್ರತಿ ಜಾಗದಲ್ಲಿ ಐದು ಸಲ ಅಳೆದು ಸರಾಸರಿ ತೆಗೆಯಿರಿ. ಕೆಲಸದ ಮೊದಲೂ ಕೊನೆಯಲ್ಲೂ ಜೊತೆಗೆ ಕೊಟ್ಟಿರುವ ಮಾನಕ ಗಟ್ಟಿಯ ಮೇಲೆ ಪರೀಕ್ಷಿಸಿ ಆ ಅಂಕಗಳನ್ನೂ ಬರೆದಿಡಿ.

ತೆಳು ಭಾಗಗಳಿಗೆ ಅಲ್ಟ್ರಾಸಾನಿಕ್ ತುದಿಯ ಉಪಕರಣ ಹೆಚ್ಚು ಹೊಂದುತ್ತದೆ. ಕಂಪಿಸುವ ಸಲಾಕೆಯ ತುದಿಯ ವಜ್ರ ಲೋಹಕ್ಕೆ ನೆಟ್ಟಾಗ ಕಂಪನದ ಲಯ ಎಷ್ಟು ಬದಲಾಯಿತೆಂಬುದರಿಂದ ಅದು ವಿಕರ್ಸ್ ಎಂಬ ಇನ್ನೊಂದು ಬಗೆಯ ಗಡಸುತನದ ಅಂಕ ಕೊಡುತ್ತದೆ. ಆದರೆ ಗುಳಿ ಬಹಳ ಚಿಕ್ಕದು. ಬೀಡು ಮತ್ತು ಮೆದು ಕಬ್ಬಿಣದ ಮೇಲೆ ಅಂಕಗಳು ಕುಣಿದಾಡುತ್ತವೆ. ಅದನ್ನು ಉಕ್ಕಿಗೆ ಮಾತ್ರ ಇಟ್ಟುಕೊಳ್ಳುವುದು ಲೇಸು.

ಅಂಕದಿಂದ ಬಲಕ್ಕೆ

ಮೆದು ಉಕ್ಕಿನಲ್ಲಿ ಬ್ರಿನೆಲ್ ಅಂಕವನ್ನು 3.45ರಿಂದ ಗುಣಿಸಿದರೆ ತುಂಡಾಗುವ ಮುನ್ನಿನ ಗರಿಷ್ಠ ಎಳೆತದ ಸಾಮರ್ಥ್ಯ ಮೆಗಾಪಾಸ್ಕಲ್‌ನಲ್ಲಿ ಸಿಗುತ್ತದೆ. ಮೇಲಿನ 123ಕ್ಕೆ ಇದು 424. ಬ್ರಿಟಿಷ್ ಕಾಲದ ಕಟ್ಟಡದ ಉಕ್ಕಿಗೆ ಚದರ ಇಂಚಿಗೆ ಕನಿಷ್ಠ 28 ಟನ್, ಅಂದರೆ 432 ಮೆಗಾಪಾಸ್ಕಲ್ ಇರಬೇಕೆಂಬ ನಿಯಮವಿತ್ತು. ನಮ್ಮ ಹಿಂದಿನ ಐಎಸ್ 226 ಮಾನಕದ ಉಕ್ಕಿಗೆ ಇದು 410 ಇತ್ತು. ನಿಮ್ಮ ಉತ್ತರ ಈ ನೆರೆಹೊರೆಯಲ್ಲಿದ್ದರೆ ದಾರಿ ಸರಿಯಿದೆ. 300 ಅಥವಾ 600 ಬಂದರೆ ಬಲದ ಬಗ್ಗೆ ಯೋಚಿಸುವ ಮೊದಲು ಲೋಹದ ಗುರುತನ್ನೇ ಮತ್ತೊಮ್ಮೆ ನೋಡಬೇಕು. ಕೋಷ್ಟಕ ಬೇಕಾದವರಿಗೆ ಅಂತರರಾಷ್ಟ್ರೀಯ ಮಾನಕ ಐಎಸ್‌ಒ 18265ರಲ್ಲಿ ಪರಿವರ್ತನೆಯ ಪಟ್ಟಿಗಳಿವೆ. ಯಾವ ಪಟ್ಟಿ ಬಳಸಿದರೂ ಶೇ 10ರಿಂದ 15ರಷ್ಟು ಆಚೀಚೆ ಇದ್ದೇ ಇರುತ್ತದೆ.

ಸರಾಸರಿಯನ್ನು ವಿನ್ಯಾಸಕ್ಕೆ ಬಳಸಬಾರದು. ಹತ್ತು ತೊಲೆಗಳ ಸರಾಸರಿ 425, ಮಾನಕ ವಿಚಲನೆ (ಅಂಕಗಳು ಸರಾಸರಿಯಿಂದ ಎಷ್ಟು ಚದುರಿವೆಯೆಂಬ ಅಳತೆ) 24 ಬಂದಿದೆಯೆನ್ನಿ. ಹತ್ತು ಮಾದರಿಗಳಿಗೆ ಯುರೋಪಿನ ಕಟ್ಟಡ ವಿನ್ಯಾಸದ ಮಾನಕವಾದ ಯೂರೋಕೋಡ್ ಕೊಡುವ ಗುಣಕ 1.92, ಅದನ್ನು 24ರಿಂದ ಗುಣಿಸಿ 425ರಿಂದ ಕಳೆದರೆ 379. ನೂರಕ್ಕೆ ತೊಂಬತ್ತೈದು ಕಡೆ ಇದಕ್ಕಿಂತ ಹೆಚ್ಚು ಇರುತ್ತದೆಂದು ನಂಬಿ ನಡೆಯಬಹುದಾದ ಅಂಕ ಇದು. ಐದೇ ಮಾದರಿಗಳಾದರೆ ಗುಣಕ 2.33, ಮೂರಾದರೆ 3.37. ಕಡಿಮೆ ಅಳೆದವರಿಗೆ ಲೆಕ್ಕವೇ ದಂಡ ಹಾಕುತ್ತದೆ.

ಇನ್ನು ಯೀಲ್ಡ್, ಅಂದರೆ ಲೋಹ ಮಣಿದು ಮರಳಿ ಬಾರದ ಹಂತ. ತೊಲೆಯ ಲೆಕ್ಕಕ್ಕೆ ಬೇಕಾದದ್ದು ಇದೇ, ಗಡಸುತನ ಸರಿಯಾಗಿ ಹೇಳದ್ದೂ ಇದನ್ನೇ. ಹಳೆಯ ಮೆದು ಉಕ್ಕಿನಲ್ಲಿ ಯೀಲ್ಡ್ ಸಾಮಾನ್ಯವಾಗಿ ಗರಿಷ್ಠ ಸಾಮರ್ಥ್ಯದ 0.55ರಿಂದ 0.65ರಷ್ಟಿರುತ್ತದೆ. ಕೆಳಗಿನ ತುದಿಯನ್ನು ಹಿಡಿದರೆ 379ಕ್ಕೆ 208 ಬರುತ್ತದೆ. ಬೇರೇನೂ ಗೊತ್ತಿಲ್ಲದಾಗ 1955ಕ್ಕೂ ಹಿಂದಿನ ಉಕ್ಕಿಗೆ 230, ಮೆದು ಕಬ್ಬಿಣಕ್ಕೆ 220 ಹಿಡಿಯುವುದು ಬ್ರಿಟನ್ನಿನ ಹೆದ್ದಾರಿ ಸೇತುವೆಗಳ ತಪಾಸಣೆಯ ರೂಢಿ. ನಿಮ್ಮ ಅಂಕ ಅದಕ್ಕಿಂತ ಕೆಳಗಿದ್ದರೆ ಕೆಳಗಿನದನ್ನೇ ಬಳಸಿ. ಮೇಲಿದ್ದರೆ, ಗಡಸುತನವೊಂದನ್ನೇ ನಂಬಿ ರೂಢಿಯ ಅಂಕವನ್ನು ಮೀರುವುದನ್ನು ನಾನು ಒಪ್ಪುವುದಿಲ್ಲ.

ಸೂತ್ರ ನಡೆಯದ ಕಡೆಗಳು

ಬೀಡಿಗೆ 3.45ರ ಗುಣಾಕಾರ ಹೊಂದುವುದಿಲ್ಲ. ಅದರ ಎಳೆತದ ಬಲವನ್ನು ನಿರ್ಧರಿಸುವುದು ಗ್ರಾಫೈಟಿನ ಚಕ್ಕೆಗಳು. ಪ್ರತಿ ಚಕ್ಕೆಯೂ ಒಂದು ಸೂಕ್ಷ್ಮ ಬಿರುಕಿನಂತೆ ವರ್ತಿಸುತ್ತದೆ. ಗಡಸುತನ 180 ಇದ್ದರೂ ಎಳೆತದ ಸಾಮರ್ಥ್ಯ 100ರಿಂದ 150ರೊಳಗೆ ಇರುವುದು ಹಳೆಯ ಬೀಡಿನಲ್ಲಿ ಸಾಮಾನ್ಯ, ಒತ್ತಡದಲ್ಲಿ ಮಾತ್ರ ಅದು ಹಲವು ಪಟ್ಟು ಬಲಶಾಲಿ. ಶಬ್ದದ ವೇಗ ಇಲ್ಲಿ ಸ್ವಲ್ಪ ನೆರವಾಗುತ್ತದೆ. ಉಕ್ಕಿನಲ್ಲಿ ಅಲ್ಟ್ರಾಸಾನಿಕ್ ತರಂಗ ಸೆಕೆಂಡಿಗೆ ಸುಮಾರು 5900 ಮೀಟರ್ ಹೋಗುತ್ತದೆ. ಬೀಡಿನಲ್ಲಿ ಚಕ್ಕೆಗಳು ದೊಡ್ಡದಾದಷ್ಟೂ ವೇಗ ಕುಗ್ಗುತ್ತದೆ, 4500ಕ್ಕೂ ಕೆಳಗೆ ಇಳಿಯುವುದುಂಟು. ದಪ್ಪ ಗೊತ್ತಿರುವ ಅಂಚಿನಲ್ಲಿ ವೇಗ ಅಳೆದು, ಗಡಸುತನದೊಂದಿಗೆ ಕೂಡಿಸಿ ನೋಡಿದರೆ ಒಂದು ಕಂಬ ಇನ್ನೊಂದಕ್ಕಿಂತ ಕಳಪೆಯೇ ಎಂಬುದಾದರೂ ತಿಳಿಯುತ್ತದೆ. ಅದಕ್ಕಿಂತ ಹೆಚ್ಚನ್ನು ಅದರಿಂದ ಹಿಂಡಬಾರದು.

ಸಮುದ್ರದ ಬದಿಯ ಬೀಡಿಗೆ ಇನ್ನೊಂದು ಗುಪ್ತ ರೋಗವಿದೆ. ಉಪ್ಪುನೀರು ಹಿಡಿದ ಮಣ್ಣಿನಲ್ಲಿ ನಿಂತ ಕಂಬದ ಬುಡದಲ್ಲಿ ಕಬ್ಬಿಣ ಕರಗಿಹೋಗಿ ಗ್ರಾಫೈಟಿನ ಜಾಲವಷ್ಟೇ ಉಳಿಯುತ್ತದೆ. ಆಕಾರ, ಅಳತೆ, ಮೈಮೇಲಿನ ಹೂಬಳ್ಳಿಯ ಕೆತ್ತನೆ ಎಲ್ಲವೂ ಹಾಗೆಯೇ ಇರುತ್ತವೆ. ಚಾಕುವಿನ ತುದಿ ಒತ್ತಿದರೆ ಸೀಮೆಸುಣ್ಣಕ್ಕೆ ಒತ್ತಿದಂತೆ ಒಳಗಿಳಿಯುತ್ತದೆ. ಕಾರವಾರದಿಂದ ಭಟ್ಕಳದವರೆಗೆ ತೀರದ ಬಳಿಯ ಯಾವುದೇ ಬೀಡಿನ ಕಂಬವನ್ನು ಪರೀಕ್ಷಿಸುವಾಗ ಬುಡದ ಮಣ್ಣನ್ನು ಒಂದಡಿ ಬಗೆದು ಚಾಕುವಿನಿಂದ ಕೆರೆದು ನೋಡದೆ ಎದ್ದು ಬರಬೇಡಿ.

ಮೆದು ಕಬ್ಬಿಣದ ಎಳೆತದ ಸಾಮರ್ಥ್ಯ ನಾರಿನ ಉದ್ದಕ್ಕೆ 300ರಿಂದ 370ರಷ್ಟಿರುತ್ತದೆ, ನಾರಿಗೆ ಅಡ್ಡವಾಗಿ ಸಾಕಷ್ಟು ಕಡಿಮೆ. ಗಡಸುತನದ ಅಂಕಕ್ಕೆ ಈ ದಿಕ್ಕಿನ ವ್ಯತ್ಯಾಸ ಕಾಣುವುದೇ ಇಲ್ಲ. ಇಲ್ಲಿ ರಾಸಾಯನಿಕ ವಿಶ್ಲೇಷಣೆ ಹೆಚ್ಚು ಉಪಯುಕ್ತ: ಮ್ಯಾಂಗನೀಸ್ ಶೇ 0.1ಕ್ಕಿಂತ ಕಡಿಮೆ, ರಂಜಕ ಹೆಚ್ಚು ಇದ್ದರೆ ಮೆದು ಕಬ್ಬಿಣ. ಮ್ಯಾಂಗನೀಸ್ ಶೇ 0.4 ದಾಟಿದ್ದರೆ ಉಕ್ಕು. ಎಕ್ಸ್-ಕಿರಣ ಬಿಟ್ಟು ಧಾತುಗಳನ್ನು ಗುರುತಿಸುವ, ಕೈಯಲ್ಲಿ ಹಿಡಿಯುವ ಎಕ್ಸ್‌ಆರ್‌ಎಫ್ ಉಪಕರಣ ಮ್ಯಾಂಗನೀಸನ್ನು ತೋರಿಸುತ್ತದೆ, ಇಂಗಾಲವನ್ನು ತೋರಿಸುವುದಿಲ್ಲ. ಇಂಗಾಲ ಬೇಕೆಂದರೆ ಡ್ರಿಲ್ಲಿನ ಚೂರುಗಳನ್ನು ಪ್ರಯೋಗಾಲಯಕ್ಕೆ ಕಳಿಸಬೇಕು.

ಘಟ್ಟದ ಮೇಲಿನ ಹಳೆಯ ಮನೆಗಳಲ್ಲಿ ಮೀಟರ್ ಗೇಜಿನ ರೈಲು ಕಂಬಿಯೇ ತೊಲೆಯಾಗಿರುವುದುಂಟು. ಅದರ ಗಡಸುತನ ತೊಲೆಯ ಉಕ್ಕಿಗಿಂತ ಬಹಳ ಹೆಚ್ಚು ಬರುತ್ತದೆ, ಇಂಗಾಲ ಹೆಚ್ಚಿರುವುದರಿಂದ. ಆ ಅಂಕವನ್ನು ಸೂತ್ರಕ್ಕೆ ಹಾಕಿದರೆ ಬಲವೂ ಭರ್ಜರಿಯಾಗಿ ಬರುತ್ತದೆ, ಸುಳ್ಳೂ ಅಲ್ಲ. ಆದರೆ ಆ ಲೋಹ ಬಾಗಿ ಎಚ್ಚರಿಸುವ ಬದಲು ಒಮ್ಮೆಲೇ ಮುರಿಯಬಲ್ಲದು, ಬೆಸುಗೆ ಹಾಕಿದರೆ ಪಕ್ಕದಲ್ಲೇ ಬಿರುಕು ಬಿಡಬಲ್ಲದು.

ದಪ್ಪ ಅಳೆಯುವುದು

ನಮ್ಮ ಹವೆಯಲ್ಲಿ ಲೋಹದ ಬಲಕ್ಕಿಂತ ಉಳಿದಿರುವ ದಪ್ಪವೇ ಹೆಚ್ಚು ಸಲ ಉತ್ತರವನ್ನು ನಿರ್ಧರಿಸುತ್ತದೆ. 8 ಇಂಚಿನ ಆ ತೊಲೆಯನ್ನೇ ತೆಗೆದುಕೊಳ್ಳಿ. 10 ಮಿ.ಮೀ. ಇದ್ದ ಕೆಳಗಿನ ಫ್ಲೇಂಜ್ ಅಡಿಯಿಂದ ಸವೆದು ಏಳೂವರೆಗೆ ಇಳಿದಿದ್ದರೆ ತೊಲೆಯ ಬಾಗುವಿಕೆಯ ಸಾಮರ್ಥ್ಯ ಸುಮಾರು ಶೇ 17ರಷ್ಟು ಹೋಗಿರುತ್ತದೆ. ಗಡಸುತನದ ಅಂಕದಲ್ಲಿ ನಾವು ಚರ್ಚಿಸುವ ಅನಿಶ್ಚಿತತೆಗಿಂತ ಇದು ದೊಡ್ಡದು.

ಅಲ್ಟ್ರಾಸಾನಿಕ್ ದಪ್ಪಮಾಪಕವನ್ನು ಅದೇ ತೊಲೆಯ, ವರ್ನಿಯರಿಗೆ ಸಿಗುವ ಅಂಚಿನಲ್ಲಿ ಹೊಂದಿಸಿಕೊಂಡು ಬಳಸಬೇಕು. ಮೆದು ಕಬ್ಬಿಣದಲ್ಲಿ ತರಂಗ ಕಿಟ್ಟದ ಎಳೆಗೆ ತಾಗಿ ಅರ್ಧದಾರಿಯಿಂದಲೇ ಮರಳುವುದರಿಂದ ದಪ್ಪ ಅರ್ಧವೇ ತೋರಿದರೆ ಗಾಬರಿಯಾಗದೆ ವರ್ನಿಯರಿನಿಂದ ತಾಳೆ ನೋಡಿ. ಟೊಳ್ಳು ಬೀಡಿನ ಕಂಬದಲ್ಲಿ ಸುತ್ತಲೂ ನಾಲ್ಕು ಕಡೆ ಅಳೆಯಲೇಬೇಕು. ಎರೆಯುವಾಗ ಒಳಗಿನ ಮರಳಿನ ತಿರುಳು ಜರುಗಿ ಒಂದು ಬದಿ ತೆಳುವಾಗಿ ಇನ್ನೊಂದು ಬದಿ ದಪ್ಪವಾಗಿರುವುದು ಅಪರೂಪವಲ್ಲ. ಎಲ್ಲಕ್ಕಿಂತ ಕೆಟ್ಟ ಜಾಗ ಕಣ್ಣಿಗೆ ಕಾಣದ್ದು: ತೊಲೆಯ ತುದಿ ಚಿರೇಕಲ್ಲಿನ ಗೋಡೆಯೊಳಗೆ ಕೂತಿರುವ ಕಡೆ. ಅಲ್ಲಿ ಒಂದೆರಡು ಕಲ್ಲು ಸಡಿಲಿಸಿ ನೋಡುವುದಕ್ಕೆ ಮಾಲೀಕರ ಒಪ್ಪಿಗೆಯನ್ನು ಮೊದಲೇ ಪಡೆದಿರಿ.

ತುಂಡು ಕತ್ತರಿಸಬೇಕಾದಾಗ

ಗುರುತು ಸಂದೇಹದಲ್ಲಿದ್ದರೆ, ತೊಲೆಗಳ ಅಂಕಗಳು ಎರಡು ಗುಂಪಾಗಿ ಒಡೆದಿದ್ದರೆ, ಅಥವಾ ಲೆಕ್ಕದ ಪ್ರಕಾರ ಭಾರ ಮಿತಿಯ ಅಂಚಿಗೆ ಬಂದಿದ್ದರೆ ಒಂದೆರಡು ತುಂಡು ತೆಗೆಯಲೇಬೇಕು. ಕೆಳಗೆ ಆಸರೆ ಕೊಟ್ಟು, ಭಾರ ಇಳಿಸಿ, ಗರಗಸದಿಂದ ಕತ್ತರಿಸಬೇಕು. ಗ್ಯಾಸ್ ಕಟ್ಟರ್ ಬಳಸಿದರೆ ಬಿಸಿ ತಾಗಿದ ಅಂಚನ್ನು ಬಿಟ್ಟೇ ಮಾದರಿ ಮಾಡಬೇಕಾಗುತ್ತದೆ. ಆ ಎಳೆತದ ಫಲಿತಾಂಶವನ್ನು ಅದೇ ತುಂಡಿನ ಗಡಸುತನದ ಜೊತೆ ಇಟ್ಟರೆ ನಿಮ್ಮ ಕಟ್ಟಡಕ್ಕೇ ಸೇರಿದ ಗುಣಕ ಸಿಗುತ್ತದೆ, ಉಳಿದ ತೊಲೆಗಳಿಗೆ ಅದನ್ನು ಧೈರ್ಯವಾಗಿ ಬಳಸಬಹುದು. ಬಲಪಡಿಸಲು ಬೆಸುಗೆಯ ಯೋಚನೆಯಿದ್ದರೆ ಇಂಗಾಲ, ರಂಜಕ, ಗಂಧಕಗಳ ಅಂಕ ಕೈಗೆ ಬರುವವರೆಗೆ ತಡೆಯಿರಿ. ಬೀಡಿಗೂ ಮೆದು ಕಬ್ಬಿಣಕ್ಕೂ ಬೋಲ್ಟೇ ಸರಿ.

ಶಿರಸಿಯ ಒಂದು ವಖಾರಿಯಲ್ಲಿ ಕಳೆದ ಚಳಿಗಾಲ ಈ ಕ್ರಮದಲ್ಲೇ ಹದಿನಾಲ್ಕು ತೊಲೆಗಳನ್ನು ನೋಡಿದೆವು. ಹನ್ನೆರಡು ಉಕ್ಕಿನವು, ಎರಡು ಮೆದು ಕಬ್ಬಿಣದವು. ಆ ಎರಡೂ ಮಾಡಿನ ನೀರು ಇಳಿಯುವ ಮೂಲೆಯಲ್ಲಿದ್ದವು, ಫ್ಲೇಂಜ್ ಮೂರು ಮಿ.ಮೀ. ಸವೆದಿತ್ತು. ಉಜ್ಜಿದ ಪ್ರತಿ ಜಾಗಕ್ಕೂ ಅಂದೇ ಸಂಜೆ ಎರಡು ಕೈ ಪ್ರೈಮರ್ ಹೊಡೆದು ತೊಲೆಯ ಸಂಖ್ಯೆ ಬರೆದೆವು. ಮಾಲೀಕರು ಆ ಮೂಲೆಯ ಗೋಡೆಗೆ ಎದೆಮಟ್ಟದಲ್ಲಿ ಕೆಂಪು ಗೆರೆ ಎಳೆಸಿದ್ದಾರೆ. ಚೀಲದ ಪೇರಿಕೆ ಅದರಿಂದ ಮೇಲೆ ಹೋಗುವಂತಿಲ್ಲ.